ಅರ್ಧಕ್ಕೇ ಬರೆದುಕೊಂಡ ಹೆಸರು

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ನಾನು ಅಜ್ಜಿಯಾದೆ. ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಓಣಿಯ ಎಲ್ಲ ಮನೆಗೂ ಪೇಡೆ ಕೊಟ್ಟು ಬಂದೆ. ಕೊಟ್ಟ ಮನೆಗೇ ಎರಡನೇ ಸಲ ಹೋಗಿ, "ಆಗ್ಲೇ ಕೊಟ್ಟೀರಲ್ಲವ್ವ" ಅನ್ನಿಸಿಕೊಂಡೆ. ಇನ್ನೊಂದು ತಿಂದರೆ ಏನಾಯಿತು ಅಂತ ಅವರ ಕೈಗೆ ಇಟ್ಟೇ ಬಂದೆ. ಹೆಣ್ಣು ಮಗು. ತಲೆ ತುಂಬ ಕೂದಲು. ಮುಷ್ಟಿ ಬಿಚ್ಚುವುದೇ ಇಲ್ಲ ಅನ್ನುತ್ತದೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಒಂದು ಕಾಗದ ಹಿಡಿದು ಬಂದು, "ಮಗುವಿನ ತಂದೆ ಹೆಸರು, ಅವರ ತಂದೆ ಹೆಸರು" ಎಂದು ಕೇಳಿದಳು. ನನ್ನ ಸೊಸೆ ಮಲಗಿದ್ದಲ್ಲಿಂದಲೇ ಗಂಡನ ಹೆಸರು, ಮಾವನ ಹೆಸರು ಎರಡನ್ನೂ ಪಟಪಟನೆ ಹೇಳಿ, "ನೀರು ಕೊಡ್ರಿ ಅತ್ತೆ" ಅಂದಳು. ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಅಂಥವೇ ಎರಡು ಹೆಸರು ಹೇಳಲು ನಾನು ಪಟ್ಟ ಪಾಡು ನೆನಪಾಯಿತು, ಆ ಪಾಡಿಗೆ ನನ್ನನ್ನು ತಳ್ಳಿದ ಮನುಷ್ಯ ನೆನಪಾದರು. ಮೊದಲ ಪೇಡೆ ಅವರಿಗೆ ಸಲ್ಲಬೇಕಿತ್ತು. ಅವರು ಹರಿಹರದಲ್ಲಿ ಮಗನ ಮನೆಯಲ್ಲಿ ತೀರಿಕೊಂಡು ನಾಲ್ಕು ವರ್ಷವಾಯಿತು. ಪೇಡೆ ಕೊಡಲಾಗದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರದೂ ನಮ್ಮ ಯಜಮಾನರದೂ ಒಂದೇ ಹೆಸರು. ನಮ್ಮ ಕಾಲದವರಿಗೆ ಗಂಡನ ಹೆಸರು ಹೇಳುವುದಿರಲಿ, ಬರೆಯಲೂ ಕೈ ಏಳುವುದಿಲ್ಲ. ಓಣಿಯವರು ಅವರನ್ನು ಸೆಕ್ರೆಟರಿ ಅನ್ನುತ್ತಿದ್ದರು. ನಾನೂ ಹಾಗೇ ಅನ್ನುತ್ತೇನೆ.

ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನ ಹಿಂದಿನ ಓಣಿ ನಮ್ಮದು. ಮದುವೆಯಾದ ಹೊಸದರಲ್ಲಿ ನಾವು ಅಲ್ಲಿಗೆ ಬಂದಾಗ ನಲವತ್ತು ಮನೆಗಳಿದ್ದವು. ನಲ್ಲಿ ಇರಲಿಲ್ಲ, ಗಟಾರ ಇರಲಿಲ್ಲ, ಮನೆಗೆ ನಂಬರು ಇರಲಿಲ್ಲ. ನಿಂತ ಜಾಗ ನಮ್ಮದು ಅನ್ನುವುದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ಓಣಿ ಸಂಘ ಅಂತ ಒಂದಿತ್ತು. ಸಂಘ ಅಂದರೆ ಕುರ್ಚಿ ಮೇಜು ಅಂದುಕೊಳ್ಳಬೇಡಿ. ಗರಡಿಮನೆಯ ಮುಂದಿನ ಕಟ್ಟೆ, ನಾಲ್ಕು ಸಲಿಕೆ, ಎರಡು ಬುಟ್ಟಿ, ಅಷ್ಟೇ. ಅಧ್ಯಕ್ಷರು ಪಾತ್ರೆಗೆ ಕಲಾಯಿ ಹಾಕುತ್ತಿದ್ದ ವಯಸ್ಸಾದ ಸಾಬರು. ಕಲಾಯಿ ಸಾಬರು ಒಂದು ಮಾತಾಡಿದರೆ ಇನ್ನೊಂದು ಮಾತಾಡುವುದರೊಳಗೆ ಒಂದು ತಪ್ಪಲೆಗೆ ಕಲಾಯಿ ಆಗುತ್ತಿತ್ತು. ಅವರಿಗೆ ಸೆಕ್ರೆಟರಿ ತದ್ವಿರುದ್ಧ.

ಸೆಕ್ರೆಟರಿ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಎರಡನೇ ಪಾಳಿ. ಬೆಳಗಿನ ಹೊತ್ತೆಲ್ಲ ಓಣಿಗೆ. ತೆಳ್ಳಗೆ, ಉದ್ದಕ್ಕೆ, ಗಾಳಿಗೆ ಒಣಹಾಕಿದ ಪಂಚೆಯ ಹಾಗೆ ಸದಾ ಅಲ್ಲಾಡುವ ಮನುಷ್ಯ. ಚಹಾ ಕೊಟ್ಟರೆ ನಿಂತೇ ಕುಡಿಯುತ್ತಿದ್ದರು, ಅದೂ ಅರ್ಧ ಕುಡಿದು ಇನ್ನರ್ಧವನ್ನು ಯಾರ ಮನೆಯ ಕಿಟಕಿಯಲ್ಲೋ ಮರೆತು ಬರುತ್ತಿದ್ದರು. ಸಂಜೆ ಹೆಂಗಸರು ಕಿಟಕಿ ಕಿಟಕಿ ಹುಡುಕಿ ತಮ್ಮ ತಮ್ಮ ಲೋಟ ತರುತ್ತಿದ್ದೆವು. ಕಿವಿಗೆ ಸಿಕ್ಕಿಸಿದ ಪೆನ್ಸಿಲು, ನಾಲಿಗೆಗೆ ತಾಗಿಸಿದರೆ ನೇರಳೆಯಾಗಿ ಬರೆಯುವಂಥದ್ದು. ಹಾಗಾಗಿ ಅವರ ನಾಲಿಗೆ ಯಾವಾಗಲೂ ನೇರಳೆ ಹಣ್ಣು ತಿಂದ ಹಾಗಿರುತ್ತಿತ್ತು. ಯಾವ ಕೆಲಸ ಮುಗಿದರೂ ಅವರ ಬಾಯಲ್ಲಿ ಒಂದೇ ಮಾತು: "ಆತಲ್ಲ. ಮುಂದೆ?"

ಭಾನುವಾರ ಗಟಾರ ತೋಡುವ ಕೆಲಸ. ಗಂಡಸರು ಬೀಡಿ ಹಚ್ಚಿಕೊಂಡು ಸುತ್ತ ನಿಂತು ಎಲ್ಲಿ ತೋಡಬೇಕು, ಎಷ್ಟು ಆಳ ಅಂತ ಮಾತಾಡುತ್ತಿದ್ದರೆ ಇವರು ಆಗಲೇ ಮೊಣಕಾಲುದ್ದ ಇಳಿದಿರುತ್ತಿದ್ದರು. "ನೋಡಾಕ ಬಂದೋರಿಗೂ ಒಂದೊಂದು ಬುಟ್ಟಿ ಐತೆ, ಬರ್ರಿ" ಅನ್ನುತ್ತಿದ್ದರು. ಓಣಿಗೆ ಹರಳು ತುಂಬಿದ ಗರಸು ಮಣ್ಣು ಹಾಸಿದ ದಿನ ಒಬ್ಬ ಜಟಕಾದವನನ್ನು ಕರೆತಂದು, ಖಾಲಿ ಗಾಡಿಯನ್ನು ಓಣಿಯ ಈ ತುದಿಯಿಂದ ಆ ತುದಿಗೆ ಮೂರು ಸಲ ಓಡಿಸಿದರು. ಅದಕ್ಕೂ ಮುಂಚೆ ನಮ್ಮ ಓಣಿಯ ಬಸುರಿ ಬಾಣಂತಿಯರು ಕೆಸರಲ್ಲಿ ನಡೆದೇ ದೊಡ್ಡ ರಸ್ತೆ ಮುಟ್ಟಬೇಕಿತ್ತು. ಮೂರನೇ ಸಲ ಜಟಕಾದವನು, "ಯಾರಾದ್ರೂ ಹತ್ರಿ ಯಪ್ಪಾ, ಕುದುರಿಗೆ ಮುಜುಗರ ಆಗಾಕ ಹತ್ತೈತೆ" ಅಂದ.

ಒಮ್ಮೆ ಸೆಕ್ರೆಟರಿ ತಮ್ಮನಿಗೆ ಹೆಣ್ಣು ನೋಡಲು ಹರಿಹರಕ್ಕೆ ಹೋದರು. ಬಂದ ಕೂಡಲೇ ಅವರ ಹೆಂಡತಿ, "ಹುಡುಗಿ ಹೆಂಗದಾಳೆ?" ಎಂದು ಕೇಳಿದರು.

"ಹುಡುಗಿನಾ? ಅದಾಳೆ. ಅವರ ಓಣಿ ಗಟಾರ ನೋಡ್ಬೇಕು ನೀನು. ಕಲ್ಲು ಹಾಸ್ಯಾರೆ. ನೀರು ಸೀದಾ ಹೊಳಿ ಕಡಿಗೆ ಇಳೀತೈತೆ."

ಮದುವೆ ಆಯಿತು ಅನ್ನಿ. ಗಟಾರ ನೋಡಿ ತಂದ ಸೊಸೆ ಅಂತ ಆಕೆಯನ್ನು ಬಹಳ ದಿನ ಕಾಡಿಸಿದೆವು.

ಅವರದ್ದು ಒಂದೇ ಕೆಟ್ಟ ಚಾಳಿ. ಯಾರ ಮಾತನ್ನೂ ಪೂರ್ತಿ ಕೇಳುತ್ತಿರಲಿಲ್ಲ. ಅರ್ಧ ಕೇಳಿ ಉಳಿದರ್ಧವನ್ನು ತಾವೇ ಆಡಿ, ಅದರ ಮೇಲೆ ಕೆಲಸವನ್ನೂ ಶುರುಮಾಡಿಬಿಡುತ್ತಿದ್ದರು. ಪಕ್ಕದ ಮನೆಯ ಗೌರವ್ವ ಒಂದು ದಿನ, "ಅಣ್ಣಾರೆ, ನಮ್ಮತ್ತಿ ಬಿದ್ದು..." ಅಂದದ್ದೇ ತಡ, ಓಡಿಹೋಗಿ ಇಬ್ಬರು ಗಂಡಸರನ್ನೂ ಮಲಗಿಸಿ ಹೊರಲು ಒಂದು ಹೊರಸನ್ನೂ ತಂದುಬಿಟ್ಟರು. ಗೌರವ್ವ ಹೇಳಹೊರಟಿದ್ದು, ನಮ್ಮತ್ತೆ ಬಿದ್ದು ಬಿದ್ದು ನಕ್ಕಳು ಅಂತ. ಹೊರಸು ನೋಡಿ ಆ ಮುದುಕಿ ಇನ್ನೂ ನಕ್ಕಳು. ಅವರ ಹೆಂಡತಿ ನನ್ನ ಹತ್ತಿರ ಹೇಳುತ್ತಿದ್ದರು: "ಈ ಮನಿಗೆ ಬಂದ ಮ್ಯಾಲೆ ಒಂದು ಮಾತು ಪೂರ್ತಿ ಆಡಿಲ್ಲ ನೋಡವ್ವ. ಅರ್ಧ ನಂದು, ಅರ್ಧ ಆತಂದು."

ಆ ಚಾಳಿಯೇ ನಮ್ಮ ಮನೆಯ ಬಾಗಿಲಿಗೂ ಬಂತು.

ಮುನಿಸಿಪಾಲಿಟಿಯವರು ಓಣಿಯ ಜಾಗಕ್ಕೆ ಹಕ್ಕುಪತ್ರ ಕೊಡಲು ಒಪ್ಪಿದ್ದರು. ಮನೆ ಯಜಮಾನರ ಹೆಸರು, ಅವರ ತಂದೆಯ ಹೆಸರು ಬರೆದ ಪಟ್ಟಿಯನ್ನು ಸಂಘದವರು ತರಬೇಕು, ಬುಧವಾರ ಮಧ್ಯಾಹ್ನದ ಒಳಗೆ ತರಬೇಕು, ಪಟ್ಟಿಯಲ್ಲಿ ಇಲ್ಲದ ಮನೆಗೆ ಕಾಗದ ಇಲ್ಲ ಎಂದು ಹೇಳಿ ಕಳಿಸಿದರು. ಸುದ್ದಿ ಬಂದದ್ದು ಮಂಗಳವಾರ ಬೆಳಿಗ್ಗೆ. ಸೆಕ್ರೆಟರಿ ಹಾಳೆ ಹಿಡಿದು ಮನೆ ಮನೆಗೆ ಹೊರಟರು.

ಗಂಡಸರು ಮೊದಲ ಪಾಳಿಗೆ ಹೋಗಿದ್ದರು. ಮನೆಯಲ್ಲಿ ಇದ್ದದ್ದು ನಾವು ಹೆಂಗಸರು. ನಮ್ಮಲ್ಲಿ ಯಾರೂ ಗಂಡನ ಹೆಸರು ಹೇಳುವವರಲ್ಲ. ಒಬ್ಬಾಕೆ, "ಬಾಲ ಐತಲ್ಲ, ಆ ದ್ಯಾವ್ರು" ಅಂದಳು. ಇವರು 'ಹನುಮಂತಪ್ಪ' ಎಂದು ಬರೆದುಕೊಂಡರು. ಗೌರವ್ವ, "ಬುಧವಾರದ ಹಿಂದಿನದು ಐತಲ್ಲ, ಅದರ ಹಿಂದಿನದು" ಅಂದಳು. "ಸೋಮಪ್ಪ. ಆತಲ್ಲ. ಮುಂದೆ?" ಅಂದರು. ಅರ್ಧ ಮಾತಿಗೇ ಪೂರ್ತಿ ತಿಳಿಯುವ ಅವರ ಚಾಳಿ ಅವತ್ತು ಬಹಳ ಉಪಯೋಗಕ್ಕೆ ಬಂತು. ನಮ್ಮ ಮನೆಯ ತನಕ.

ನಾವು ಆ ಮನೆಗೆ ಬಂದು ಮೂರು ತಿಂಗಳಾಗಿತ್ತು. ನಮ್ಮ ಯಜಮಾನರು ಹರಿಹರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಸುಕಿನ ರೈಲಿಗೆ ಹೋದರೆ ಸಂಜೆಯ ರೈಲಿಗೆ ಬರುವುದು. ಓಣಿಯವರು 'ಹರಿಹರದಾತ' ಅನ್ನುತ್ತಿದ್ದರೇ ಹೊರತು ಹೆಸರು ಯಾರಿಗೂ ತಿಳಿಯದು. ಹೇಳಬಹುದಾಗಿದ್ದ ಅತ್ತೆ, ಮಗಳ ಬಾಣಂತನಕ್ಕೆ ಗುತ್ತೂರಿಗೆ ಹೋಗಿದ್ದರು.

"ತಂಗೀ, ಯಜಮಾನ್ರ ಹೆಸರು?"

ನಾನು ಸೆರಗು ಹೊದ್ದುಕೊಂಡು ಬಾಗಿಲ ಮರೆಯಲ್ಲಿ ನಿಂತು, "ನಿಮ್ಮ ಹೆಸರೇ ರೀ..." ಅಂದೆ. 'ನಮ್ಮೋರದೂ' ಅನ್ನುವುದು ಗಂಟಲಲ್ಲೇ ಇತ್ತು.

"ಆತು ಬಿಡವ್ವ. ಸದ್ಯಕ್ಕೆ ನನ್ನ ಹೆಸರೇ ಇರ್ಲಿ, ಆಮ್ಯಾಲೆ ತಿದ್ದಿದರಾತು. ಮುಂದೆ?"

ಏನು ತಿದ್ದುವುದು ಅಂತ ನನಗೆ ತಿಳಿಯಲಿಲ್ಲ. ಕೇಳಬೇಕು ಅನ್ನುವಷ್ಟರಲ್ಲಿ ಅವರು ಮೂರನೇ ಮನೆಯ ಬಾಗಿಲು ಬಡಿಯುತ್ತಿದ್ದರು. ಗಂಡ ಮನೆಯಲ್ಲಿಲ್ಲ, ಸಂಘದವರ ಹೆಸರಲ್ಲೇ ಇರಲಿ ಅಂತ ಹುಡುಗಿ ಹೇಳುತ್ತಿದ್ದಾಳೆ ಅಂದುಕೊಂಡಿದ್ದರು ಅವರು. ನಮ್ಮ ಮನೆಯ ಮುಂದೆ ತಮ್ಮ ಹೆಸರು, ತಮ್ಮ ಅಪ್ಪನ ಹೆಸರು ಬರೆದುಕೊಂಡು ಹೋದರು. ಮಧ್ಯಾಹ್ನ ಪಾಳಿಗೆ ಹೋದವರು ತಿದ್ದುವುದನ್ನು ಮರೆತೇಬಿಟ್ಟರು.

ಮರುದಿನ ಬೆಳಿಗ್ಗೆ, ಗಂಡಸರು ಪಾಳಿಗೆ ಹೊರಡುವ ಮೊದಲು ಎಲ್ಲರೂ ಒಮ್ಮೆ ನೋಡಲಿ ಅಂತ ಕಲಾಯಿ ಸಾಬರು ಪಟ್ಟಿಯನ್ನು ಗರಡಿಮನೆಯ ಕಟ್ಟೆಯ ಮೇಲೆ ಹರವಿಸಿದರು. ನಮ್ಮವರು ಹರಿಹರದ ರೈಲು ಹತ್ತಿಯಾಗಿತ್ತು. ಓದಿ ಹೇಳಲು ನಿಂತವನು ಕಿರಾಣಿ ಅಂಗಡಿಯ ಕೊಟ್ರಪ್ಪ. ಗಟಾರ ತೋಡುವಾಗ ಅವನ ಅಂಗಡಿಯ ಮುಂಗಟ್ಟೆ ಒಂದು ಮೊಳ ಹೋಗಿತ್ತು. ಆ ಸಿಟ್ಟು ಇತ್ತು ಅವನಿಗೆ. ಓದುತ್ತಾ ಓದುತ್ತಾ ಒಂದು ಕಡೆ ನಿಂತ.

"ಏನ್ರಪ್ಪಾ ಇದು, ಸೆಕ್ರೆಟ್ರಿಗೆ ಎಷ್ಟು ಮನಿ? ಇಲ್ಲೊಂದು, ಇಲ್ಲೊಂದು. ಸಮಾಜ ಸೇವಾ ಚಲೋ ಐತೆ ಬಿಡ್ರಿ."

ಜನ ಮುಂದಕ್ಕೆ ಬಗ್ಗಿದರು. ನಾನು ಗೌರವ್ವನ ಬೆನ್ನ ಹಿಂದೆ ನಿಂತಿದ್ದೆ. ಸೆಕ್ರೆಟರಿ, "ಅದು ಹರಿಹರದಾತನ ಮನಿ. ಆ ತಂಗಿನೇ ನನ್ನ ಹೆಸರು ಬರ್ಕೊಳ್ರಿ ಅಂದ್ಲು" ಎಂದರು. ಹೇಳಿದ ಮೇಲೆ, ಆ ಮಾತು ಹೇಗೆ ಕೇಳಿಸಿತು ಅನ್ನುವುದು ಅವರಿಗೇ ಹೊಳೆದಿರಬೇಕು.

ಕೊಟ್ರಪ್ಪ ಮೆಲ್ಲಗೆ ಅಂದ: "ಹೊಸದಾಗಿ ಬಂದ ಹುಡುಗಿ. ಗಂಡ ಹರಿಹರಕ್ಕೆ ಹೋದ ಮ್ಯಾಲೆ ಮನಿನೇ ಬರ್ದು ಕೊಟ್ಲು. ಯಾಕ ಅಂತ ಕೇಳಬಾರದೇನು?"

ಯಾರೂ ನಗಲಿಲ್ಲ, ಯಾರೂ ಅವನನ್ನು ಗದರಲೂ ಇಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಎಲ್ಲರ ಮಾತಿಗೂ ಬಾಲ ಜೋಡಿಸುವ ಮನುಷ್ಯನಿಗೆ ಆ ಮಾತಿಗೆ ಜೋಡಿಸಲು ಏನೂ ಸಿಗಲಿಲ್ಲ. ಮುಖ ಸುಣ್ಣದ ಗೋಡೆಯಾಯಿತು.

"ಅರೇ ಕೊಟ್ರಪ್ಪ, ಜರಾ ನಾಲಿಗಿ ನೋಡ್ಕೊಂಡು" ಅಂದರು ಕಲಾಯಿ ಸಾಬರು.

"ನಾನೇನಂದೆ ಸಾಬ್ರೆ? ಹಾಳ್ಯಾಗ ಬರ್ದದ್ದು ಓದಿದೆ. ವಿಚಾರಣಿ ಆಗೋ ತನಕ ಪಟ್ಟಿ ಹೋಗೋದು ಬ್ಯಾಡ."

ಗಂಡಸರಲ್ಲಿ ಗುಸುಗುಸು ಎದ್ದಿತು. ಪಟ್ಟಿ ಅವತ್ತು ಹೋಗದಿದ್ದರೆ ನಲವತ್ತು ಮನೆಗೂ ಕಾಗದ ಇಲ್ಲ. ಸೆಕ್ರೆಟರಿ ಕಿವಿಯಿಂದ ಪೆನ್ಸಿಲು ತೆಗೆದರು. ನಾಲಿಗೆಗೆ ತಾಗಿಸಿದರು. "ಎರಡೂ ಹೊಡೆದು ಹಾಕ್ತೀನಿ. ಉಳಿದೋರದ್ದು ಹೋಗ್ಲಿ" ಅಂದರು. ಅವರು ಎರಡು ಗೆರೆ ಎಳೆದರೆ ನಮ್ಮ ಮನೆಯೂ ಹೋಯಿತು, ಅವರ ಮನೆಯೂ ಹೋಯಿತು. ಕೊಟ್ರಪ್ಪ ಆಡಿದ ಮಾತು ಮಾತ್ರ ಓಣಿಯಲ್ಲಿ ಉಳಿಯುತ್ತದೆ. ಸಂಜೆ ರೈಲಿಳಿದು ಬರುವ ನಮ್ಮವರ ಕಿವಿಗೆ ಮೊದಲು ಬೀಳುವುದೂ ಅದೇ.

"ನಿಲ್ರಿ ಅಣ್ಣಾರೆ" ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ನಾನು ಅಂದಿದ್ದು ಅದಲ್ಲ. ನಮ್ಮೋರ ಹೆಸರೂ ನಿಮ್ಮದೇ ಹೆಸರು ಅಂತ ಹೇಳಾಕ ಹೊಂಟಿದ್ದೆ. ನೀವು ಪೂರ್ತಿ ಕೇಳ್ಲಿಲ್ಲ."

ಜನ ನನ್ನ ಕಡೆ ತಿರುಗಿದರು. ಆಮೇಲೆ ಕೊಟ್ರಪ್ಪ, "ಈಗ ಹುಟ್ಟಿದ ಹೆಸರು ಏನೋ, ಯಾರಿಗ್ಗೊತ್ತು" ಅಂದ. "ಹಂಗಾದ್ರ ಬಾಯಿ ಬಿಟ್ಟು ಹೇಳ್ಲಿ. ಆತನ ಹೆಸರು, ಆತನ ಅಪ್ಪನ ಹೆಸರು. ಅಪ್ಪ ಬ್ಯಾರೆ ಆದ್ರ ಮನುಷ್ಯನೂ ಬ್ಯಾರೆ. ಬರ್ಕೊಳ್ಳೋಣ."

ಅವನು ಕೇಳಿದ್ದು ನ್ಯಾಯವೇ. ಆದರೆ ಗಂಡನ ಹೆಸರಿನ ಜೊತೆಗೆ ಮಾವನ ಹೆಸರು. ಅಷ್ಟು ಜನ ಗಂಡಸರ ಮುಂದೆ, ಹಾಡುಹಗಲಲ್ಲಿ. ಸೆಕ್ರೆಟರಿ ನನ್ನ ಕಡೆ ನೋಡಲಿಲ್ಲ. ನೆಲ ನೋಡುತ್ತಾ ನಿಂತಿದ್ದರು. ಅವರ ಕಾಲೂ ಅಲ್ಲಾಡುತ್ತಿರಲಿಲ್ಲ. ಆ ಮನುಷ್ಯ ಅಲ್ಲಾಡದೆ ನಿಂತದ್ದನ್ನು ನನಗೆ ನೋಡಲಾಗಲಿಲ್ಲ.

ಗೌರವ್ವ ನನ್ನ ಸೊಂಟಕ್ಕೆ ತಿವಿದಳು. "ಒಡಪು ಹಾಕಿ ಹೇಳು. ಮದುವ್ಯಾಗ ಹೇಳಿದ್ದಿಲ್ಲೇನು?"

ಮದುವೆಯಲ್ಲಿ ಎಲ್ಲರೂ ಹೇಳುತ್ತೇವೆ. ಎರಡು ಸಾಲಿನ ಪದ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿದರೆ ದೋಷವಿಲ್ಲ. ಆದರೆ ಒಡಪಿನಲ್ಲಿ ಮಾವನ ಹೆಸರನ್ನು ಯಾರು ಕೇಳಿದ್ದಾರೆ? ಆಗಿದ್ದು ಆಗಲಿ ಅಂತ ಕಣ್ಣು ಮುಚ್ಚಿದೆ. ಮದುವೆಯಲ್ಲಿ ಹೇಳಿದ್ದು ಒಂದಕ್ಷರ ನೆನಪಿಗೆ ಬರಲಿಲ್ಲ. ಕಾಲಕೆಳಗಿನ ಗರಸು ಚುಚ್ಚುತ್ತಿತ್ತು. ಅದೇ ಬಾಯಿಗೆ ಬಂತು.

"ಗರಸು ಹಾಕಿದ ಓಣ್ಯಾಗ ಜಟಕಾ ಬಂತು ಗಡಗಡ,
ಇಂಥಯ್ಯನೋರ ಮಗ ಇಂಥವರ ಹೆಸರು ಬರ್ಕೊಳ್ರಿ, ಮಾಡಬ್ಯಾಡ್ರಿ ತಡ."

'ಇಂಥ' ಅಂತ ಇಲ್ಲಿ ಬರೆದ ಕಡೆ ಅವತ್ತು ಎರಡೂ ಹೆಸರನ್ನು ನಿಚ್ಚಳವಾಗಿ ಹೇಳಿದೆ. ಕಣ್ಣು ಬಿಟ್ಟಾಗ ಸೆಕ್ರೆಟರಿ ಪೆನ್ಸಿಲು ಹಾಳೆಯ ಮೇಲೆ ಇಟ್ಟುಕೊಂಡು, ಬರೆಯದೆ, ನನ್ನನ್ನೇ ನೋಡುತ್ತಿದ್ದರು.

"ಮುಗೀತೇನವ್ವ?" ಅಂದರು. "ಇನ್ನೇನಾದ್ರೂ ಐತೇನು?"

"ಮುಗೀತ್ರಿ."

ಆಮೇಲೆ ಬರೆದುಕೊಂಡರು.

"ವಾಹ್ ಬೇಟಿ" ಅಂದರು ಕಲಾಯಿ ಸಾಬರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕೊಟ್ರಪ್ಪ, ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾರೆ ಅಂತ ಹೋದ. ಯಾವ ಗಿರಾಕಿಯೂ ಇರಲಿಲ್ಲ, ಗಿರಾಕಿಗಳೆಲ್ಲ ಇಲ್ಲೇ ಇದ್ದೆವು. ಸೆಕ್ರೆಟರಿ ಹಾಳೆ ಮಡಿಚಿಕೊಂಡು ಓಡಿದರು. ನಡೆದರೂ ಮುಟ್ಟುವಷ್ಟು ಹೊತ್ತಿತ್ತು, ಆದರೂ ಓಡಿದರು.

ಸಂಜೆ ನಮ್ಮವರು ಬರುವಾಗ ಓಣಿಯ ಬಾಯಿಂದಲೇ ಜನ ಅವರನ್ನು ಹೆಸರು ಹಿಡಿದು ಮಾತಾಡಿಸಿದರಂತೆ. ಮನೆಗೆ ಬಂದು, "ಏನಾತು? ಮೂರು ತಿಂಗಳಾಗಿಲ್ಲದ್ದು ಇವತ್ತು ಎಲ್ಲಾರೂ ಹೆಸರು ಕರೀತಾರೆ" ಅಂದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಕೊಟ್ರಪ್ಪನ ಮಾತು ಬಂದಾಗ ಅವರ ದವಡೆ ಬಿಗಿಯಿತು, ಒಡಪು ಬಂದಾಗ ಸಡಿಲವಾಯಿತು. ಆಮೇಲೆ ಕೇಳಿದ್ದು ಇಷ್ಟು:

"ಅಪ್ಪನ ಹೆಸರಿನ ಕಡೀಗೆ 'ಅಪ್ಪ' ಅಲ್ಲ, 'ಅಯ್ಯ' ಐತೆ. ಹಂಗೇ ಹೇಳಿದೆಯೋ ಇಲ್ಲೋ?"

"ಹಂಗೇ ಹೇಳೀನ್ರಿ."

"ಆತು ಮತ್ತೆ" ಅಂದು ಕೈಕಾಲು ತೊಳೆಯಲು ಹೋದರು.

ಅದಾದ ಮೇಲೆ ಸೆಕ್ರೆಟರಿ ನಮ್ಮ ಬಾಗಿಲಿಗೆ ಬಂದರೆ ನನ್ನ ಮಾತು ಮುಗಿಯುವ ತನಕ ಕಾಯುತ್ತಿದ್ದರು. ಎಂಥ ಕಾಯುವಿಕೆ ಅದು. ಒಂದು ಕಾಲ ಮೇಲೆ ನಿಂತು, ಪೆನ್ಸಿಲಿನಿಂದ ಚೌಕಟ್ಟಿಗೆ ಟಕಟಕ ಬಡಿಯುತ್ತಾ, ಮೂತ್ರಕ್ಕೆ ಅವಸರವಾದವರ ಹಾಗೆ. ನಾನೂ ಬೇಕಂತಲೇ ಮಾತನ್ನು ಎಳೆಯುತ್ತಿದ್ದೆ. "ಅದೇನಂದ್ರ ಅಣ್ಣಾರೆ, ಮೊನ್ನೆ ಸಂತ್ಯಾಗ..." ಎಂದು ಶುರುಮಾಡಿ, ಬದನೆಕಾಯಿ ದರ, ಹಾದಿಯಲ್ಲಿ ಸಿಕ್ಕವರು, ಅವರ ಮಕ್ಕಳು ಎಲ್ಲ ಹೇಳಿ, ಕೊನೆಗೆ "ಏನೂ ಇಲ್ಲ ರೀ" ಅನ್ನುತ್ತಿದ್ದೆ. "ನೀನು ನನ್ನ ಮ್ಯಾಲೆ ಸೇಡು ತೀರಿಸ್ಕೊಳ್ಳಾಕ ಹತ್ತೀಯವ್ವ" ಅನ್ನುತ್ತಿದ್ದರು. ಬೇರೆಯವರ ಮನೆಯಲ್ಲಿ ಅವರ ಚಾಳಿ ಏನೂ ಬದಲಾಗಲಿಲ್ಲ. ನಲ್ಲಿಗೆ ಪೈಪು ಹೂಳುವ ಹೊತ್ತಿಗೆ ಇನ್ನೊಂದು ಸಲ ಯಾರದೋ ಅರ್ಧ ಮಾತು ಕೇಳಿ, ತಪ್ಪು ಮನೆಯ ಮುಂದೆ ಅಗೆದು, ಆ ಮನೆಯವರ ತುಳಸಿಯನ್ನು ಕಿತ್ತು, ಮತ್ತೆ ತಾವೇ ನೆಟ್ಟು ಬಂದರು.

ಹಕ್ಕುಪತ್ರ ಬರಲು ಬಹಳ ತಿಂಗಳು ಹಿಡಿಯಿತು. ಶನಿವಾರ ಕೈಗೆ ಬಂತು, ಹಂಚಿದ್ದು ಭಾನುವಾರ. ನಲವತ್ತು ಕಾಗದದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರೇ ಹಂಚಲು ಹೊರಟರು. ನಮ್ಮವರು ಒಳಗೆ ಗಡ್ಡ ಹೆರೆಯುತ್ತಿದ್ದರು. ಸೆಕ್ರೆಟರಿ ಹೊಸ್ತಿಲ ಹೊರಗೆ ನಿಂತು ನಮ್ಮ ಕಾಗದ ಹುಡುಕಿ ತೆಗೆದು, ಮೇಲಿನ ಶ್ರೀಕಾರದಿಂದ ಕೆಳಗಿನ ಸೀಲಿನ ತನಕ ಒಂದಕ್ಷರ ಬಿಡದೆ ಓದಿದರು. ಹೆಸರು ಸರಿ. ಅಪ್ಪನ ಹೆಸರು ಸರಿ, ಕೊನೆಗೆ 'ಅಯ್ಯ'. ಮನೆಯ ಉದ್ದ, ಅಗಲ, ಮೂಡಲಿಗೆ ಯಾರು, ಪಡುವಲಿಗೆ ಯಾರು. ನಾನು ಕಾಗದ ತೆಗೆದುಕೊಳ್ಳಲು ಕೈ ಚಾಚಿದೆ.

"ಎಲ್ಲಾ ಸರಿ ಐತೇನವ್ವ? ಆತಲ್ಲ. ಮುಂದೆ?" ಅಂದರು, ಕಾಗದವನ್ನು ಮತ್ತೆ ಕಟ್ಟಿನೊಳಗೇ ಸೇರಿಸಿಕೊಂಡು ಹೊರಟೇಬಿಟ್ಟರು.

ನನ್ನ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. "ರೀ" ಅಂದೆ. ಓಣಿಯಲ್ಲಿ ಎಲ್ಲರೂ 'ರೀ'ಗಳೇ, ಯಾರು ತಿರುಗುತ್ತಾರೆ? "ಅಣ್ಣಾರೆ" ಅಂದೆ. ನಾಲ್ಕು ಜನ ಅಣ್ಣಂದಿರು ನೋಡಿದರು, ಅವರೊಬ್ಬರನ್ನು ಬಿಟ್ಟು. ಆಗಲೇ ಕೊಟ್ರಪ್ಪನ ಅಂಗಡಿ ದಾಟುತ್ತಿದ್ದರು. ನಮ್ಮ ಮನೆ ಅವರ ಕಂಕುಳಲ್ಲಿ ಹೋಗುತ್ತಿತ್ತು. ನಾನು ಹೊಸ್ತಿಲು ದಾಟಿ ಓಣಿಯ ನಡುವೆ ನಿಂತು, ಒಡಪಿಲ್ಲ, ಗಿಡಪಿಲ್ಲ, ಹೆಸರು ಹಿಡಿದು ಗಟ್ಟಿಯಾಗಿ ಕೂಗಿದೆ.

ಅಂಗಡಿಯ ಮುಂದೆ ಅವರು ಗಕ್ಕನೆ ನಿಂತು ತಿರುಗಿದರು. "ಏನು?"

ಹಿಂದೆ ನಮ್ಮವರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಬಾಗಿಲಿಗೆ ಬಂದಿದ್ದರು. "ಏನು?"

ಇಬ್ಬರಿಗೂ ಸೇರಿಸಿ ಒಂದೇ ಮಾತು ಹೇಳಿದೆ: "ಕಾಗದ."